ಏರು ಬಂದಾಗ ಎಷ್ಟು ತುಳಿಯಬೇಕು?

ಪ್ರಶ್ನೆ: "ನಮ್ಮದು ಕೊಪ್ಪಳ. ಶಾಲೆಯಲ್ಲಿ ಮಾಸ್ತರು, ವಯಸ್ಸು 41. ಹೋದ ವರ್ಷ ಸಪಾಟು ರಸ್ತೆಯ ಒಂದು ಹಾಫ್ ಟ್ರಯಥ್ಲಾನ್ (ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ) ಮುಗಿಸಿದೆ. ಈ ಸಲ ಹೆಸರು ಕೊಟ್ಟಿರುವುದರಲ್ಲಿ ಸೈಕಲ್ 90 ಕಿ.ಮೀ., ಒಟ್ಟು ಏರು 1,200 ಮೀಟರ್. ನಮ್ಮೂರ ಸುತ್ತ ಅಂಥ ಏರೇ ಇಲ್ಲ. ಏರಿನಲ್ಲಿ ಜೋರಾಗಿ ತುಳಿದು ಇಳಿಜಾರಿನಲ್ಲಿ ಸುಧಾರಿಸಿಕೊಳ್ಳಬೇಕೋ, ಎಲ್ಲ ಕಡೆ ಒಂದೇ ಸಮ ಹೋಗಬೇಕೋ? ಎಷ್ಟು ಜೋರಾಗಿ ತುಳಿಯುತ್ತಿದ್ದೇನೆ ಅಂತ ಅಳೆಯುವ ಪವರ್ ಮೀಟರ್ ಇಲ್ಲ, ಎದೆಬಡಿತ ತೋರಿಸುವ ವಾಚ್ ಇದೆ. ಇನ್ನೊಂದು ಮಾತು, ತೀರಾ ಆಗದಿದ್ದರೆ ಇಳಿದು ತಳ್ಳಬಹುದಾ?"

ಮಾಸ್ತರೇ, ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಏರಿನಲ್ಲಿ ಸ್ವಲ್ಪ ಜಾಸ್ತಿ ತುಳಿಯಿರಿ. ಸಪಾಟಿನಲ್ಲಿ ಒಂದೇ ಸಮ. ಇಳಿಜಾರಿನಲ್ಲಿ ತುಂಬಾ ಕಮ್ಮಿ. ಎಲ್ಲ ಕಡೆ ಒಂದೇ ಸಮ ಹೋಗಿ ಅನ್ನುವವರ ಮಾತು ಅರ್ಧ ಸರಿ. ಏರಿನಲ್ಲೇ ಇರೋದೆಲ್ಲ ತೋರಿಸಿ ಅನ್ನುವವರ ಮಾತು ಪೂರ್ತಿ ತಪ್ಪು. ಎಡವಟ್ಟಾಗುವುದೆಲ್ಲ ಆ "ಸ್ವಲ್ಪ" ಅನ್ನುವ ಪದದಲ್ಲೇ. ಏರು ಕಂಡ ತಕ್ಷಣ ನಮ್ಮ ಸ್ವಲ್ಪ ತಾನಾಗಿಯೇ ಬೆಳೆದುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ನನಗೂ ಗೊತ್ತಾಗಿರಲಿಲ್ಲ. ನಾನು ಬಳ್ಳಾರಿಯವನು. ಊರ ನಡುವೆ ಕೋಟೆ ಗುಡ್ಡ ಇದೆ ನಿಜ, ಆದರೆ ಮೆಟ್ಟಿಲ ಮೇಲೆ ಸೈಕಲ್ ಹೋಗುವುದಿಲ್ಲ. ಏರು ಬೇಕು ಅಂದರೆ ಸಂಡೂರಿಗೇ ಹೋಗಬೇಕು. ಅಲ್ಲಿಂದ ಕುಮಾರಸ್ವಾಮಿ ದೇವಸ್ಥಾನದ ಕಡೆ ಹತ್ತುವ ಬೆಟ್ಟದ ರಸ್ತೆ ನಮ್ಮಂಥ ಬಯಲುಸೀಮೆಯವರಿಗೆ ದೊಡ್ಡ ಪರೀಕ್ಷೆ. ಮೊದಲ ಸಲ ನಾಲ್ಕು ಜನ ಹೋಗಿದ್ದೆವು. ಹಿಂದಿನ ರಾತ್ರಿ ಮಳೆ ಬಿದ್ದು ರಸ್ತೆ ಬದಿಯಲ್ಲೆಲ್ಲ ಅದಿರಿನ ಕೆಂಪು ಕೆಸರು. ಏರು ಶುರುವಾಗಿ ಐದು ನಿಮಿಷ ಆಗಿತ್ತು. ಗೆಳೆಯರ ಪೈಕಿ ಸಣ್ಣ ಹುಡುಗ ಒಬ್ಬ ಪಕ್ಕದಿಂದ ದಾಟಿ ಹೋದ. ಹೋಗುತ್ತಾ ಹಿಂದೆ ತಿರುಗಿ ನಕ್ಕ ಬೇರೆ. ಅಷ್ಟೇ ಸಾಕಾಯಿತು. ನಾನು ಎದ್ದು ನಿಂತು ತುಳಿದೆ. ನೆತ್ತಿ ತಲುಪಿದಾಗ ಎದೆಬಡಿತ 180 ದಾಟಿತ್ತು, ಆದರೆ ಹುಡುಗ ನನ್ನ ಹಿಂದೆ ಇದ್ದ. ಖುಷಿಯೋ ಖುಷಿ.

ಆ ಖುಷಿ ಸಂಡೂರು ದಾಟುವವರೆಗೂ ಬಾಳಲಿಲ್ಲ. ತೋರಣಗಲ್ಲಿನ ಕಡೆ ವಾಪಸು ಬರುವಾಗ ಸಪಾಟು ರಸ್ತೆಯಲ್ಲೂ 20ರ ಮೇಲೆ ವೇಗ ಹೋಗಲಿಲ್ಲ. ತೊಡೆ ಎರಡೂ ಕಲ್ಲಾಗಿದ್ದವು. ರಸ್ತೆ ಬದಿಯ ಚಹಾದ ಅಂಗಡಿಯಲ್ಲಿ ಇಳಿದು ಕೂತೆ. ಅಂಗಡಿಯ ಅವ್ವ ನೋಡಿ, "ಯಾಕಪಾ ತಮ್ಮಾ, ಸೈಕಲ್ ಕೆಟ್ಟೈತೇನು?" ಅಂದರು. "ಸೈಕಲ್ ಚೊಲೋ ಐತಿ ಅವ್ವಾ, ನಾನs ಕೆಟ್ಟೀನಿ" ಅಂದೆ. ಅವತ್ತು ಸೈಕಲ್ ಇಳಿದ ಮೇಲೆ 5 ಕಿ.ಮೀ. ಓಡುವ ಪ್ಲಾನ್ ಇತ್ತು. ಒಂದು ಕಿ.ಮೀ. ಓಡಿದೆ. ಅದನ್ನೂ ಓಟ ಅನ್ನುವುದು ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಮಾಸ್ತರಿಗೆ ಲೆಕ್ಕ ಬೇಜಾರಾಗಲಾರದು ಅಂದುಕೊಂಡಿದ್ದೇನೆ.

ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಅನ್ನಿ. 2 ಕಿ.ಮೀ. ಉದ್ದದ, ನೂರಕ್ಕೆ ಐದರ ಏರು, ಅಂದರೆ ಹತ್ತಿದರೆ 100 ಮೀಟರ್ ಮೇಲೆ. ಗಾಳಿ ಇಲ್ಲ. ಕಾಲು ಪೆಡಲಿಗೆ ಪ್ರತಿ ಸೆಕೆಂಡೂ ಕೊಡುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ, ಮನೆಯ ಬಲ್ಬಿನ ವ್ಯಾಟೇ ಅದು. ನೀವು ಪೂರ್ತಿ ದಮ್ಮು ಕಟ್ಟಿ ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಮಟ್ಟ 200 ವ್ಯಾಟ್ ಅಂತ ಇಟ್ಟುಕೊಳ್ಳಿ. ಅದು ನಿಮ್ಮ ಗಡಿ. ಹಾಫ್‌ನಲ್ಲಿ ಸಪಾಟಿಗೆ ಅದರ ಮುಕ್ಕಾಲು ಭಾಗ, 150, ಹದವಾದ ಮಟ್ಟ.

ಸಪಾಟಿನಲ್ಲಿ 150 ವ್ಯಾಟ್ ಕೊಟ್ಟರೆ ವೇಗ ಹೆಚ್ಚುಕಮ್ಮಿ 30 ಕಿ.ಮೀ. ಇನ್ನೂ 30 ವ್ಯಾಟ್ ಸೇರಿಸಿ 180 ಮಾಡಿದರೆ 32ಕ್ಕಿಂತ ಚೂರು ಜಾಸ್ತಿ. ಅಂದರೆ 2 ಕಿ.ಮೀ.ಗೆ ಉಳಿಯುವುದು 17 ಸೆಕೆಂಡ್. ಅದೇ ಏರಿನಲ್ಲಿ 150ಕ್ಕೆ 10 ನಿಮಿಷ 20 ಸೆಕೆಂಡ್ ಹಿಡಿಯುತ್ತದೆ, 180ಕ್ಕೆ 8 ನಿಮಿಷ 48 ಸೆಕೆಂಡ್. ಉಳಿಕೆ ಒಂದೂವರೆ ನಿಮಿಷ. ಅದೇ 30 ವ್ಯಾಟು, ಐದು ಪಟ್ಟು ಲಾಭ.

ಇಳಿಜಾರು ನೋಡಿ. ಅದೇ 2 ಕಿ.ಮೀ. ಸುಮ್ನೆ ಕೂತು ಇಳಿದರೆ ಗಂಟೆಗೆ 48 ಕಿ.ಮೀ. ವೇಗ, ಎರಡೂವರೆ ನಿಮಿಷ. ಪಾಪ ಅಂತ 150 ವ್ಯಾಟ್ ಹಾಕಿ ತುಳಿದರೆ 54. ಉಳಿಯುವುದು ಮತ್ತೆ ಆ 17 ಸೆಕೆಂಡೇ. ಸಪಾಟಿನಲ್ಲಿ 30 ವ್ಯಾಟಿಗೆ ಸಿಕ್ಕ ಮಾಲಿಗೆ ಇಲ್ಲಿ 150 ವ್ಯಾಟ್ ಕೊಟ್ಟಂತಾಯಿತು.

ಹೀಗ್ಯಾಕೆ ಅಂದರೆ, ವೇಗ ಜಾಸ್ತಿ ಇರುವಲ್ಲೆಲ್ಲ ನಾವು ಗುದ್ದಾಡುವುದು ಗಾಳಿಯ ಜೊತೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ವ್ಯಾಟ್ ಎಂಟು ಪಟ್ಟು. ಏರಿನಲ್ಲಿ ಗಾಳಿಯ ಕಾಟ ಇಲ್ಲ, ಗಂಟೆಗೆ 12 ಕಿ.ಮೀ.ಗೆ ಯಾವ ಗಾಳಿ? ಅಲ್ಲಿ ಭಾರದ ಜೊತೆ ಮಾತ್ರ ಜಗಳ. ಭಾರದ ಲೆಕ್ಕ ನೇರ: ಇಷ್ಟು ಕೊಟ್ಟರೆ ಇಷ್ಟು. ಅದಕ್ಕೇ ಏರಿನಲ್ಲಿ ಸ್ವಲ್ಪ ಜಾಸ್ತಿ ಖರ್ಚು ಮಾಡುವುದು ಬುದ್ಧಿವಂತಿಕೆ.

ಹಾಗಾದರೆ 220 ಹಾಕಿಬಿಡೋಣವಾ? 7 ನಿಮಿಷ 23 ಸೆಕೆಂಡಿಗೆ ನೆತ್ತಿ ಮುಟ್ಟುತ್ತೀರಿ. 180ಕ್ಕಿಂತ ಇನ್ನೂ 85 ಸೆಕೆಂಡ್ ಉಳಿಕೆ. ನಿಮ್ಮ ಹಾದಿಯ 1,200 ಮೀಟರ್ ಅಂದರೆ ಇಂಥ ಏರು 12. ಒಟ್ಟು 17 ನಿಮಿಷ ಉಳಿಯಿತು ಅಂತ ಕಾಗದದ ಮೇಲೆ ಅನ್ನಿಸುತ್ತದೆ. ಕಾಗದ ಬಿಟ್ಟು ರಸ್ತೆಗೆ ಬನ್ನಿ. 220 ನಿಮ್ಮ ಗಡಿಗಿಂತ ನೂರಕ್ಕೆ ಹತ್ತು ಜಾಸ್ತಿ. ಒಂದು ಸಲ ಏಳು ನಿಮಿಷ ಆದೀತು. ಎರಡನೆಯದೂ ಆದೀತು. ನಾಲ್ಕನೆಯದಕ್ಕೆ ಕಾಲು ಮಾತು ಕೇಳುವುದಿಲ್ಲ. ಹನ್ನೆರಡಂತೂ ಆಗುವ ಮಾತಲ್ಲ.

ಆಮೇಲೆ ಓಟ ಇದೆಯಲ್ಲ, 21.1 ಕಿ.ಮೀ. ಕಾಲು ಸತ್ತ ಮೇಲೆ ಕಿ.ಮೀ.ಗೆ ಆರೂವರೆ ನಿಮಿಷದ ಓಟ ಎಂಟೂವರೆ ಆಯಿತು ಅನ್ನಿ. 42 ನಿಮಿಷ ಹೋಯಿತು. ನಡೆಯಲು ಶುರು ಮಾಡಿದರೆ ಇನ್ನೂ ಜಾಸ್ತಿ.

ಮೈ ಯಾಕೆ ಇಷ್ಟು ದುಬಾರಿ ಬಡ್ಡಿ ಹಾಕುತ್ತದೆ ಅನ್ನುವುದಕ್ಕೆ ಒಂದು ಒಳ್ಳೆ ಸೂತ್ರ ಇದೆ. ಆಂಡ್ರ್ಯೂ ಕಾಗನ್ ಎಂಬ ಅಮೆರಿಕದ ವಿಜ್ಞಾನಿ 'ನಾರ್ಮಲೈಸ್ಡ್ ಪವರ್' ಅನ್ನುವ ಲೆಕ್ಕ ಕೊಟ್ಟರು. ಅದರಲ್ಲಿ 30 ಸೆಕೆಂಡುಗಳ ಸರಾಸರಿ ವ್ಯಾಟನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸುತ್ತಾರೆ, ಅಂದರೆ ನಾಲ್ಕನೇ ಘಾತ. 150ರಿಂದ 180ಕ್ಕೆ ಹೋದರೆ ವ್ಯಾಟ್ ಏರಿದ್ದು ನೂರಕ್ಕೆ 20, ಮೈಗೆ ಬೀಳುವ ಹೊರೆ ಎರಡು ಪಟ್ಟು. 220ಕ್ಕೆ ಹೋದರೆ ಹೊರೆ ನಾಲ್ಕೂವರೆ ಪಟ್ಟು ದಾಟುತ್ತದೆ. ಗಡಿ ದಾಟಿದ ಮೇಲೆ ಮೈ ಕೊಬ್ಬನ್ನು ಮುಟ್ಟುವುದೇ ಇಲ್ಲ ಅನ್ನಬಹುದು, ಪೂರ್ತಿ ಸಕ್ಕರೆಯನ್ನೇ ಸುಡುತ್ತದೆ. ಸ್ನಾಯು, ಪಿತ್ತಜನಕಾಂಗ ಎಲ್ಲ ಸೇರಿ ಒಳಗೆ ಕೂಡಿಟ್ಟ ಸಕ್ಕರೆ ಸುಮಾರು 500 ಗ್ರಾಂ, ಅಷ್ಟೇ. ಅದು ಓಟಕ್ಕೂ ಬೇಕು.

ಇದು ನಮ್ಮ ನಿಮ್ಮ ಥರದವರಿಗೆ ಮಾತ್ರ ಆಗುವುದಲ್ಲ. ಫ್ರಾನ್ಸಿನ ಸ್ಯಾಮ್ ಲೇಡ್ಲೋ 2023ರಲ್ಲಿ ನೀಸ್ ಊರಿನ ಬೆಟ್ಟದ ಹಾದಿಯಲ್ಲಿ, ಹಾಫ್‌ನ ಎರಡು ಪಟ್ಟು ದೂರದ ಟ್ರಯಥ್ಲಾನ್ ಆದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್ ಆದವರು. ಮರುವರ್ಷ ಹವಾಯಿಯ ಕೋನಾದಲ್ಲಿ 180 ಕಿ.ಮೀ. ಸೈಕಲನ್ನು 3 ಗಂಟೆ 57 ನಿಮಿಷದಲ್ಲಿ ಮುಗಿಸಿ ಅಲ್ಲಿನ ದಾಖಲೆಯನ್ನೇ ಮುರಿದರು. ಓಟದಲ್ಲಿ ಸುಸ್ತಾಗಿ 18ನೆಯವರಾದರು. ಗೆದ್ದದ್ದು ಅವರ ಹಿಂದೆ ತಾಳ್ಮೆಯಿಂದ ಬಂದ ಜರ್ಮನಿಯ ಪ್ಯಾಟ್ರಿಕ್ ಲಾಂಗೆ. ಕೋನಾದ ಹಾದಿಯಲ್ಲಿ ಏರಿಗಿಂತ ಬಿಸಿಲು ಗಾಳಿಯದೇ ಜೋರು, ಆದರೆ ಬಿಲ್ ಕಟ್ಟುವ ಜಾಗ ಒಂದೇ: ಓಟ. ಲೇಡ್ಲೋ ಗೆಲ್ಲಲು ಹೋಗಿ ಹಾಗೆ ಮಾಡಿದರು, ಅವರಿಗೆ ಅದು ಜೂಜು. ನಮಗೆ ಮುಗಿಸುವುದೇ ಮುಖ್ಯ.

ಹಾಗಾದರೆ ನಿಮ್ಮ "ಸ್ವಲ್ಪ" ಎಷ್ಟು? ಗಡಿ 200 ಇರುವವರಿಗೆ ಸಪಾಟಿನಲ್ಲಿ 145ರಿಂದ 150, ಏರಿನಲ್ಲಿ 170ರಿಂದ 180. ಅದಕ್ಕೆ ಮೇಲೆ ಬೇಡ. 12 ಏರು ಇರುವ ಹಾದಿಗೆ 180 ಅಂಚಿನ ಲೆಕ್ಕವೇ. ನಾನಾದರೆ ಮೊದಲ ಅರ್ಧದಲ್ಲಿ 170ರಲ್ಲೇ ಇರುತ್ತೇನೆ. ಸೇತುವೆಯ ಏರಿನಂಥ, ಒಂದು ನಿಮಿಷದಲ್ಲಿ ಮುಗಿಯುವ ದಿಬ್ಬಕ್ಕೆ ಸ್ವಲ್ಪ ಸಡಿಲ ಬಿಡಬಹುದು. ಏರು ಉದ್ದ ಆದಷ್ಟೂ ಕೈ ಬಿಗಿ ಮಾಡಬೇಕು. 20 ನಿಮಿಷದ ಏರಿನಲ್ಲಿ 165 ಕೂಡ ಸಾಕು. 180 ಕಿ.ಮೀ.ಯ ಫುಲ್ ಆದರೆ ಎಲ್ಲವನ್ನೂ ಇನ್ನೂ 10ರಿಂದ 15 ವ್ಯಾಟ್ ಇಳಿಸಿ.

ಪವರ್ ಮೀಟರ್ ಇಲ್ಲ ಅಂದಿರಿ. ಪರವಾಗಿಲ್ಲ. ಉಸಿರು ಇದೆಯಲ್ಲ, ಅದು ಬಿಟ್ಟಿ ಮೀಟರು. ಸಪಾಟಿನಲ್ಲಿ ಪಕ್ಕದವರ ಜೊತೆ ಎರಡು ಮೂರು ವಾಕ್ಯ ಆರಾಮಾಗಿ ಮಾತಾಡುವಂತಿರಬೇಕು. ಏರಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಿ ಮುಗಿಸಲು ಆಗಬೇಕು, ಆಮೇಲೆ ಒಂದು ಉಸಿರು. "ಹ್ಞಾಂ", "ಹ್ಞೂಂ" ಬಿಟ್ಟು ಬೇರೆ ಬರುತ್ತಿಲ್ಲ ಅಂದರೆ ಗಡಿ ದಾಟಿದ್ದೀರಿ. ನನಗೆ ಗೊತ್ತಿರುವ ಒಬ್ಬರು ಏರಿನಲ್ಲಿ ಮಗ್ಗಿ ಹೇಳುತ್ತಾ ಹೋಗುತ್ತಾರೆ. ಹದಿಮೂರರ ಮಗ್ಗಿ ಒಂದೊಂದು ಸಾಲು ಉಸಿರು ಕಡಿಯದೆ ಬಂದರೆ ಸರಿ. ನೋಡುವವರು ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಎದೆಬಡಿತದ ವಾಚ್ ಎರಡನೇ ಸಾಕ್ಷಿ. ಮೊದಲು ನಿಮ್ಮ ಗಡಿಯ ಬಡಿತ ಗೊತ್ತಿರಬೇಕು. ಒಬ್ಬರೇ, ಎಲ್ಲೂ ನಿಲ್ಲಿಸದ ರಸ್ತೆಯಲ್ಲಿ, 30 ನಿಮಿಷ ಪೂರ್ತಿ ಶಕ್ತಿಯಿಂದ ಒಂದೇ ಸಮ ತುಳಿಯಿರಿ. ಕೊನೆಯ 20 ನಿಮಿಷದ ಸರಾಸರಿಯೇ ನಿಮ್ಮ ಗಡಿ. ಅದು 165 ಬಂತು ಅನ್ನಿ. ಸಪಾಟಿನಲ್ಲಿ 135ರಿಂದ 143, ಏರಿನ ಕೊನೆಗೆ 155ರ ಒಳಗೆ. ಆದರೆ ಎದೆಬಡಿತ ತಡವಾಗಿ ಮಾತಾಡುವ ಗಿರಾಕಿ. ನೀವು ಜೋರು ಮಾಡಿದ ಒಂದು ಎರಡು ನಿಮಿಷದ ನಂತರ ಅದು ಏರುತ್ತದೆ. ಏರಿನ ಬುಡದಲ್ಲಿ ವಾಚ್ ನೋಡಿ "ಇನ್ನೂ 140 ಐತಲ್ಲ" ಅಂತ ಜೋರಾಗಿ ತುಳಿದವರು ಅರ್ಧ ಏರಿನಲ್ಲಿ 165 ನೋಡುತ್ತಾರೆ. ಅದಕ್ಕೇ ಬುಡದಲ್ಲಿ ಉಸಿರನ್ನು ನಂಬಿ, ನಡುವಿನಿಂದ ವಾಚ್ ನಂಬಿ. ಮೂರನೇ ಗಂಟೆಯಲ್ಲಿ ಅದೇ ಶ್ರಮಕ್ಕೆ ಬಡಿತ ಐದು ಹತ್ತು ಜಾಸ್ತಿ ತೋರಿಸುತ್ತದೆ. ಬಿಸಿಲಿಗೆ, ನೀರು ಕಮ್ಮಿಯಾದದ್ದಕ್ಕೆ ಹಾಗಾಗುತ್ತದೆ. ಆಗ ಬಡಿತದ ಗಡಿಯನ್ನು ಮೇಲೆ ತಳ್ಳಬೇಡಿ, ವೇಗವನ್ನೇ ಕೆಳಗೆ ತನ್ನಿ.

ವೇಗ ತೋರಿಸುವ ಸಂಖ್ಯೆಯನ್ನು ಅವತ್ತು ಪರದೆಯಿಂದಲೇ ತೆಗೆದುಬಿಡಿ. ಏರಿನಲ್ಲಿ 11 ನೋಡಿ ಎದೆ ಝಲ್ ಅನ್ನುತ್ತದೆ, ಕಟ್‌ಆಫ್ (ಇಷ್ಟರೊಳಗೆ ಮುಗಿಸಬೇಕು ಅನ್ನುವ ಗಡುವು) ನೆನಪಾಗುತ್ತದೆ, ಕಾಲು ತಾನಾಗಿ ಒತ್ತುತ್ತದೆ. ಮೇಲಿನ ಲೆಕ್ಕವನ್ನೇ ಕೂಡಿಸಿ ನೋಡಿ: 12 ಏರು, 12 ಇಳಿಜಾರು, ಉಳಿದ 42 ಕಿ.ಮೀ. ಸಪಾಟು. ಸಪಾಟಿನಲ್ಲಿ 150, ಏರಿನಲ್ಲಿ 180, ಇಳಿಜಾರಿನಲ್ಲಿ ಸೊನ್ನೆ ಇಟ್ಟರೂ 3 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ. ಏರಿನಲ್ಲೂ 150 ಇಟ್ಟರೆ 4 ಗಂಟೆಗೆ ಎರಡು ನಿಮಿಷ ಕಮ್ಮಿ. ಗಾಳಿ, ತಿರುವು, ನೀರಿನ ಸ್ಟಾಪ್ ಅಂತ ಇನ್ನೊಂದು ಕಾಲು ಗಂಟೆ ಸೇರಿಸಿಕೊಳ್ಳಿ. ನಿಮ್ಮ ರೇಸಿನ ಕಟ್‌ಆಫ್ ಎದುರಿಗೆ ಇದನ್ನು ಇಟ್ಟು ಹಿಂದಿನ ದಿನವೇ ನೋಡಿಬಿಟ್ಟರೆ ರಸ್ತೆಯ ಮೇಲೆ ಗಾಬರಿ ಇರುವುದಿಲ್ಲ.

ಮೊದಲ 30–40 ನಿಮಿಷದ ಬಗ್ಗೆ ಒಂದು ಮಾತು. ನೀರಿನಿಂದ ಎದ್ದು ಓಡಿ ಸೈಕಲ್ ಹತ್ತಿದಾಗ ಎದೆಬಡಿತ ಮೊದಲೇ ಮೇಲೆ ಇರುತ್ತದೆ. ಕಾಲು ಮಾತ್ರ ತಾಜಾ ಇರುತ್ತದೆ, ಯಾಕೆಂದರೆ ಈಜಿದ್ದು ಕೈಯಿಂದ. ಈ ತಾಜಾ ಕಾಲೇ ಮೋಸ ಮಾಡುವುದು. ಮೊದಲ ಏರಿನಲ್ಲಿ ಜನ ನಿಮ್ಮನ್ನು ದಾಟಿ ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಅವರಲ್ಲಿ ಸುಮಾರು ಜನ ಓಟದಲ್ಲಿ ಸಿಗುತ್ತಾರೆ, ಬಕೆಟ್ಟಿನ ಹತ್ತಿರ ನಿಂತು ತಲೆಗೆ ನೀರು ಹೊಯ್ದುಕೊಳ್ಳುತ್ತಿರುತ್ತಾರೆ.

ಇನ್ನು ಗೇರು. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲಿದೆ, ಆದರೆ ಯಾರೂ ಇದನ್ನು ಕೇಳುವುದಿಲ್ಲ. ಇವತ್ತು ಸಂಜೆ ಸೈಕಲ್ ತಿರುವಿ ಹಾಕಿ ಹಲ್ಲು ಎಣಿಸಿ. ಪೆಡಲಿನ ಬಳಿ ಇರುವ ಮುಂದಿನ ಸಣ್ಣ ಹಲ್ಲುಗಾಲಿ, ಅಂದರೆ ಚೈನ್‌ರಿಂಗ್ ಎಷ್ಟು ಹಲ್ಲಿನದು, ಹಿಂದಿನ ಹಲ್ಲುಗಾಲಿಗಳ ಗೊಂಚಲಾದ ಕ್ಯಾಸೆಟ್ಟಿನ ಅತಿ ದೊಡ್ಡ ಚಕ್ರ ಎಷ್ಟು ಹಲ್ಲಿನದು?

ಸಪಾಟಿನ ಊರಿನಲ್ಲಿ ಕೈಬದಲಾದ ಹಳೆ ರೋಡ್ ಬೈಕುಗಳಲ್ಲಿ ಮುಂದೆ 39, ಹಿಂದೆ 25 ಇರುವುದುಂಟು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 3.3 ಮೀಟರ್ ಮುಂದೆ ಹೋಗುತ್ತದೆ. ಈಗ ನೂರಕ್ಕೆ ಎಂಟರ ಏರು ಬಂತು. 180 ವ್ಯಾಟಿಗೆ ಅಲ್ಲಿ ವೇಗ 9 ಕಿ.ಮೀ. ಚಿಲ್ಲರೆ. ಆ ವೇಗಕ್ಕೆ ನಿಮಿಷಕ್ಕೆ 46 ಸುತ್ತು ಮಾತ್ರ ಬೀಳುತ್ತದೆ. ಒಂದೊಂದು ಸುತ್ತೂ ರಾಗಿ ಕಲ್ಲು ಬೀಸಿದಂತೆ. ಮೊಣಕಾಲು ಕೂಗುತ್ತದೆ. ಇಷ್ಟು ನಿಧಾನ ಆಗಲ್ಲ ಅಂತ 65 ಸುತ್ತಿಗೆ ಏರಿಸಿದಿರೋ, ಅದಕ್ಕೆ 250 ವ್ಯಾಟ್ ಬೇಕು. ನಿಮ್ಮ ಗಡಿಗಿಂತ 50 ಜಾಸ್ತಿ. ಅಂದರೆ ಎಷ್ಟು ತುಳಿಯಬೇಕು ಅಂತ ತೀರ್ಮಾನ ಮಾಡಿದ್ದು ನೀವಲ್ಲ, ಗೇರು.

ಮುಂದೆ 34, ಹಿಂದೆ 32 ಇದ್ದರೆ ಅದೇ ಏರು, ಅದೇ 9 ಕಿ.ಮೀ., ನಿಮಿಷಕ್ಕೆ 67 ಸುತ್ತು. 34ಕ್ಕೆ 34 ಆದರೆ 71. ಈಗ 180ರಲ್ಲಿ ಕೂರಲು ಆಗುತ್ತದೆ. ಕಾರ್ಬನ್ ವೀಲಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಕ್ಯಾಸೆಟ್ ಬದಲಿಸಿ. ಒಂದೇ ಎಚ್ಚರಿಕೆ: ಚೈನನ್ನು ಗಾಲಿಯಿಂದ ಗಾಲಿಗೆ ದಾಟಿಸುವ ಹಿಂದಿನ ಡಿರೇಲರ್ ಸಣ್ಣದಿದ್ದರೆ 32 ಹಲ್ಲು ಹಿಡಿಯುವುದಿಲ್ಲ, ಚೈನ್ ಉದ್ದವೂ ಸಾಲದೇ ಬರಬಹುದು. ಮೆಕ್ಯಾನಿಕ್ ಹತ್ತಿರ ಕೂಡಿಸಿಯೇ ನೋಡಿ, ರೇಸಿನ ಹಿಂದಿನ ದಿನ ಅಲ್ಲ, ಒಂದು ತಿಂಗಳು ಮೊದಲು. ಸಣ್ಣ ಗೇರು ಹಾಕಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಭ್ರಮೆ ನಮ್ಮ ಹುಡುಗರಲ್ಲಿ ಜಾಸ್ತಿ. ಗೇರು ಇರುವುದೇ ಹಾಕಲಿಕ್ಕೆ.

ಇನ್ನೊಂದು, ನೆತ್ತಿಯ ಹತ್ತಿರ ಬಹಳ ಜನ ಮಾಡುವ ತಪ್ಪು. ಏರು ಮುಗಿಯಲು 30 ಮೀಟರ್ ಇರುವಾಗಲೇ "ಅಬ್ಬಾ" ಅಂತ ಕಾಲು ಬಿಡುತ್ತಾರೆ. ಸೈಕಲ್ ಅಲ್ಲೇ ತೆವಳುತ್ತದೆ. ಬುಡದಲ್ಲಿ ಹತ್ತು ವ್ಯಾಟ್ ಕಮ್ಮಿ ಹಾಕಿ, ನೆತ್ತಿ ದಾಟಿ ವೇಗ 30 ಬರುವವರೆಗೂ ಅದೇ ಶ್ರಮ ಇಟ್ಟುಕೊಳ್ಳಿ. ಆಮೇಲೆ ಬಿಡಿ, ಪೂರ್ತಿ ಬಿಡಿ. ಇಳಿಜಾರಿನಲ್ಲಿ ಮೈ ತಗ್ಗಿಸಿ, ಮೊಣಕಾಲು ಒಳಗೆ, ಕಾಲು ಹಗುರಾಗಿ ಆಗಾಗ ತಿರುಗಿಸುತ್ತಾ ಇರಿ, ಹಿಡಿದುಕೊಳ್ಳದಂತೆ. ತಿರುವಿನಲ್ಲಿ ಏರೋಬಾರ್ (ಮೈ ತಗ್ಗಿಸಿ ಮೊಣಕೈ ಊರಲು ಮುಂದೆ ಚಾಚಿರುವ ಹಿಡಿಕೆ) ಮೇಲೆ ಕೈ ಬೇಡ. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ಮುಗಿಸಬೇಕು, ತಿರುವಿನ ನಡುವೆ ಅಲ್ಲ. ನಾನು ಇದನ್ನು ಕಲಿತದ್ದು ಆ ಅದಿರಿನ ಕೆಸರಿನಲ್ಲಿ ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಸರಿದಾಗ.

ಊಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಂಟೆಗೆ 60 ಗ್ರಾಂ ಸಕ್ಕರೆ-ಪಿಷ್ಟ ಗುರಿ ಇಡಿ, ಹೊಟ್ಟೆ ತಡೆದರೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಸುತ್ತಮುತ್ತ. ಓಆರ್‌ಎಸ್ ಕುಡಿಯುತ್ತಿದ್ದೇನೆ, ಶಕ್ತಿಗೆ ಅದೇ ಸಾಕು ಅಂತ ನಂಬಿರುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಉಪ್ಪಿಗೆ, ನೀರಿಗೆ ಒಳ್ಳೆಯದು, ಹೊಟ್ಟೆ ತುಂಬಿಸುವುದಿಲ್ಲ. ತಿನ್ನುವುದನ್ನು ಸಪಾಟಿನಲ್ಲಿ, ನೆಟ್ಟನೆ ಇಳಿಜಾರಿನಲ್ಲಿ ಮಾಡಿ. ಏರಿನಲ್ಲಿ ಬಾಯಿ ತುಂಬ ಬಾಳೆಹಣ್ಣು ಇಟ್ಟುಕೊಂಡು ಉಸಿರಾಡಲು ಹೋದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಶೇಂಗಾ ಉಂಡಿ ನನಗೂ ಪ್ರಾಣ, ಆದರೆ ಎಣ್ಣೆ ಅಂಶ ಹೊಟ್ಟೆಯಲ್ಲೇ ಕೂರುತ್ತದೆ. ರೇಸ್ ಮುಗಿದ ಮೇಲೆ ಇಟ್ಟುಕೊಳ್ಳಿ.

ಬಿಸಿಲಿನ ಒಂದು ಸಂಗತಿ ಮಾತ್ರ ಬಿಡಲಾಗದು. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಬಿಸಿಲು ಹೊಸದಲ್ಲ ಅನ್ನುವ ಜಂಬ ನಮಗಿದೆ. ಆದರೆ ಸಪಾಟಿನಲ್ಲಿ 30ರ ವೇಗದಲ್ಲಿ ಹೋಗುವಾಗ ಬೆವರು ಒಣಗಿಸುವ ಗಾಳಿ ಇರುತ್ತದೆ, 12ರ ಏರಿನಲ್ಲಿ ಇರುವುದಿಲ್ಲ. ಶ್ರಮ ಜಾಸ್ತಿ, ಗಾಳಿ ಇಲ್ಲ, ಮೈ ಕಾದ ಹಂಚಾಗುತ್ತದೆ. ದೊಡ್ಡ ಏರಿನ ಬುಡದಲ್ಲಿಯೇ ತಲೆ, ಕುತ್ತಿಗೆ, ತೋಳಿಗೆ ನೀರು ಸುರಿದುಕೊಂಡು ಹತ್ತಿ. ಬಿಸಿಲು ನೆತ್ತಿಗೇರಿದ ಮೇಲೆ ಏರಿನ "ಸ್ವಲ್ಪ"ವನ್ನೂ ಅರ್ಧ ಮಾಡಿ.

ಏರೇ ಇಲ್ಲದ ಕೊಪ್ಪಳದಲ್ಲಿ ಅಭ್ಯಾಸ ಹೇಗೆ? ನಿಮಗೆ ಗಾಳಿ ಇದೆ ಮಾಸ್ತರೇ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ ಸಣ್ಣದಾ? ಆ ತಿಂಗಳುಗಳಲ್ಲಿ ಗದಗಿನ ಕಡೆ ಮುಖ ಮಾಡಿ ಹೊರಟರೆ ರಸ್ತೆ ಸಪಾಟಿದ್ದರೂ ಕಾಲಿಗೆ ಏರೇ. ಎದುರುಗಾಳಿಯೂ ಏರಿನ ಥರವೇ ಬಿಡುವು ಕೊಡುವುದಿಲ್ಲ, ತುಳಿಯುವುದು ನಿಲ್ಲಿಸಿದರೆ ಸೈಕಲ್ ನಿಲ್ಲುತ್ತದೆ. 15 ನಿಮಿಷ ಒಂದು ವಾಕ್ಯದ ಉಸಿರಿನಲ್ಲಿ, ಸ್ವಲ್ಪ ದೊಡ್ಡ ಗೇರಿನಲ್ಲಿ, ನಿಮಿಷಕ್ಕೆ 60–65 ಸುತ್ತು. ತಿರುಗಿ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಐದು ನಿಮಿಷ ಆರಾಮು, ಅದು ನಿಮ್ಮ ಇಳಿಜಾರು. ಹೀಗೆ ನಾಲ್ಕು ಸಲ. ಸಣ್ಣ ದಿಬ್ಬ ಬೇಕಾದರೆ ಆನೆಗೊಂದಿ, ಸಾಣಾಪುರದ ಕಡೆ ಬಂಡೆಗಳ ನಡುವಿನ ರಸ್ತೆ ಇದೆ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಅಂಜನಾದ್ರಿಗೆ ಬರುವ ಗಾಡಿಗಳದೇ ಸಾಲು.

ಆದರೆ ರೇಸಿಗೆ ಮೊದಲು ಎರಡು ಸಲವಾದರೂ ಸಂಡೂರಿಗೆ ಬನ್ನಿ. ಒಂದೇ ಏರಿನ ಒಂದೇ ತುಂಡನ್ನು ಆರು ಸಲ ಹತ್ತಿ, ಪ್ರತಿ ಸಲದ ಟೈಮ್ ಬರೆದುಕೊಳ್ಳಿ. ಮೊದಲನೆಯದು 9 ನಿಮಿಷ, ಆರನೆಯದು 9 ನಿಮಿಷ 10 ಸೆಕೆಂಡ್ ಬಂದರೆ ನಿಮ್ಮ "ಸ್ವಲ್ಪ" ನಿಮಗೆ ಸಿಕ್ಕಿತು. ಮೊದಲನೆಯದು 8, ಆರನೆಯದು 11 ಬಂದರೆ ಇನ್ನೂ ಸಿಕ್ಕಿಲ್ಲ, ಮುಂದಿನ ವಾರ ಮತ್ತೆ. ಆರನೆಯದು ಮುಗಿದ ಕೂಡಲೇ ಶೂ ಬದಲಿಸಿ 20 ನಿಮಿಷ ಓಡಿ. ಅದಿರಿನ ಲಾರಿಗಳ ಬಗ್ಗೆ ಮಾತ್ರ ಹುಷಾರು. ತಿರುವಿನಲ್ಲಿ ಅವಕ್ಕೆ ನೀವು ಕಾಣುವುದಿಲ್ಲ, ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ.

ಕೊನೆಯ ಪ್ರಶ್ನೆ, ಇಳಿದು ತಳ್ಳಬಹುದಾ? ತಳ್ಳಬಹುದು. ಟ್ರಯಥ್ಲಾನ್ ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲ. ಸೈಕಲ್ ಬಿಟ್ಟು ಮುಂದೆ ಹೋಗಬಾರದು, ಅಷ್ಟೇ. ಯಾವಾಗ ಇಳಿಯುವುದು ಲಾಭ ಅಂದರೆ, ಅತಿ ಸಣ್ಣ ಗೇರಿನಲ್ಲೂ ನಿಮಿಷಕ್ಕೆ 40 ಸುತ್ತು ಬೀಳದೆ ಹ್ಯಾಂಡಲ್ ಅತ್ತಿತ್ತ ಹೊರಳಲು ಶುರುವಾದಾಗ. ಆಗ ನಿಮ್ಮ ವೇಗ ಹೇಗೂ ನಡಿಗೆಗಿಂತ ಅಷ್ಟೇನೂ ಜಾಸ್ತಿ ಇರುವುದಿಲ್ಲ, ಎದೆ ಮಾತ್ರ ಒಡೆಯುವಂತೆ ಬಡಿಯುತ್ತಿರುತ್ತದೆ. ಎರಡು ನಿಮಿಷ ತಳ್ಳಿದರೆ ಬಡಿತ ಕೆಳಗೆ ಬರುತ್ತದೆ. ಕಷ್ಟ ಇರುವುದು ಮತ್ತೆ ಹತ್ತುವುದರಲ್ಲಿ. ಏರಿಗೆ ನೇರ ಮುಖ ಮಾಡಿ ಹತ್ತಲು ಹೋದರೆ ಒಂದು ಕಾಲಿನ ಶೂ ಪೆಡಲಿಗೆ ಸಿಕ್ಕಿಸುವುದರೊಳಗೆ ಸೈಕಲ್ ನಿಂತು ಪಕ್ಕಕ್ಕೆ ಬೀಳುತ್ತದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಸೈಕಲನ್ನು ರಸ್ತೆಗೆ ಸ್ವಲ್ಪ ಅಡ್ಡ ತಿರುಗಿಸಿ. ಒಂದು ಕಾಲು ಪೆಡಲಿಗೆ ಸಿಕ್ಕಿಸಿ ಮೇಲೆ ಇಟ್ಟುಕೊಳ್ಳಿ. ಅದನ್ನು ಒತ್ತಿ ಎರಡು ಸುತ್ತು ತಿರುಗಿದ ಮೇಲೆ ಇನ್ನೊಂದು ಕಾಲು ಸಿಕ್ಕಿಸಿ, ಆಮೇಲೆ ಮುಖ ಮೇಲಕ್ಕೆ ತಿರುಗಿಸಿ. ಕೊಪ್ಪಳದಲ್ಲಿ ಯಾವುದಾದರೂ ರೈಲ್ವೆ ಸೇತುವೆಯ ಏರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಸಲ ಮಾಡಿ ನೋಡಿ.